ಬಾಣಂತನಕ್ಕೆ ಬಂದ ಗೂಬೆ

ತಪ್ಪು ಮಾಡಿದವನೊಬ್ಬ, ಗೂಬೆ ಕೂರುವುದು ಇನ್ನೊಬ್ಬನ ತಲೆಯ ಮೇಲೆ. ನಮ್ಮ ನುಡಿಯಲ್ಲಿ ಅಪವಾದಕ್ಕೇ ಗೂಬೆಯ ಹೆಸರು ಅಂಟಿಕೊಂಡಿರುವಾಗ, ನಿಜವಾದ ಗೂಬೆಯೊಂದು ಮನೆಯ ಸೂರಿನ ಮೇಲೆ ಕುಳಿತರೆ ಗೃಹಸ್ಥರು ಬೆಚ್ಚುವುದರಲ್ಲಿ ಆಶ್ಚರ್ಯವೇನು? ಮಹಾಭಾರತದ ಸೌಪ್ತಿಕ ಪರ್ವದಲ್ಲಿ, ನಿದ್ರಿಸುತ್ತಿದ್ದ ಕಾಗೆಗಳನ್ನು ಇರುಳಿನಲ್ಲಿ ಕೊಂದ ಗೂಬೆಯನ್ನು ಕಂಡೇ ಅಶ್ವತ್ಥಾಮನಿಗೆ ತನ್ನ ಘೋರಕೃತ್ಯದ ಉಪಾಯ ಹೊಳೆಯಿತು. ಪಂಚತಂತ್ರದಲ್ಲಿ ಕಾಗೆ-ಗೂಬೆಗಳ ವೈರಕ್ಕೆ ಒಂದು ತಂತ್ರವೇ ಮೀಸಲಾಗಿದೆ. ಆದರೆ ಇದೇ ನಾಡಿನಲ್ಲಿ ಬುಡುಬುಡಿಕೆಯವನು ಮುಂಜಾನೆ ಬಾಗಿಲಿಗೆ ಬಂದು ಹಾಲಕ್ಕಿ ಶುಭ ನುಡಿಯಿತೆಂದರೆ ಸಂತೋಷದಿಂದ ಅಕ್ಕಿ ನೀಡುತ್ತೇವೆ. ಆ ಹಾಲಕ್ಕಿಯೂ ಗೂಬೆಯ ಕುಲದ್ದೇ ಎಂಬುದು ಆಗ ಯಾರ ನೆನಪಿಗೂ ಬಾರದು! ಬಂಗಾಳದಲ್ಲಂತೂ ಗೂಬೆ ಸಾಕ್ಷಾತ್ ಲಕ್ಷ್ಮಿಯ ವಾಹನ.

ಮನುಷ್ಯರ ವಾಸದ ನಡುವೆಯೇ ಸಂಸಾರ ಹೂಡುವ ಬೇಟೆಹಕ್ಕಿಗಳಲ್ಲಿ ಕಣಜಗೂಬೆ ಮುಖ್ಯವಾದುದು. ಹೃದಯದ ಆಕಾರದ ಬಿಳಿಯ ಮುಖ, ಬೂದಿ ಬೆರೆತ ಹೊಂಬಣ್ಣದ ಬೆನ್ನು, ಕಪ್ಪು ಕಣ್ಣು. ಕಡ್ಡಿ ಕಸ ತಂದು ಗೂಡು ಕಟ್ಟುವ ಶ್ರಮ ಇದಕ್ಕಿಲ್ಲ. ಪಾಳು ಗೋಪುರ, ಕೋಟೆಯ ಬಿರುಕು, ಹೆಂಚಿನ ಮನೆಯ ಅಟ್ಟ, ಬೆಂಗಳೂರಿನಂಥ ನಗರಗಳಲ್ಲಿ ಬಹುಮಹಡಿ ಕಟ್ಟಡಗಳ ಕೊಳವೆಗಳ ಸಂದು, ಕತ್ತಲೆಯಿರುವ ಎಲ್ಲಾದರೂ ಸರಿ, ಬರಿಯ ನೆಲದ ಮೇಲೆಯೇ ಬಿಳಿಯ ಮೊಟ್ಟೆಗಳನ್ನಿಡುತ್ತದೆ.

ಅಟ್ಟದ ಬುಸುಗುಟ್ಟುವಿಕೆ

ನಾಲ್ಕು ವರ್ಷಗಳ ಹಿಂದೆ, ಕಾರ್ತಿಕ ಮಾಸದ ಒಂದು ರಾತ್ರಿ, ಮೈಸೂರಿನ ನಮ್ಮ ಹಳೆಯ ಮನೆಯ ಅಟ್ಟದಿಂದ 'ಬುಸ್ಸ್' ಎಂಬ ಸದ್ದು ಕೇಳಿಸಿತು. ನಾಗರಹಾವೇ ಸೇರಿಕೊಂಡಿದೆಯೆಂದು ಮನೆಮಂದಿಯೆಲ್ಲ ಅಂಗಳದಲ್ಲಿ ಜಾಗರಣೆ ಮಾಡಿದೆವು. ಬೆಳಗ್ಗೆ ಬಂದ ಹಾವು ಹಿಡಿಯುವವರು ದೀಪ ಹಿಡಿದು ಇಣುಕಿ, ನಗುತ್ತ ಇಳಿದು ಬಂದರು. ಅಲ್ಲಿದ್ದುದು ಹಾವಲ್ಲ, ಹತ್ತಿಯ ಉಂಡೆಗಳಂಥ ನಾಲ್ಕು ಗೂಬೆಮರಿಗಳು. ಹಸಿದ ಮರಿಗಳು ಹೀಗೆ ಇರುಳೆಲ್ಲ ಬುಸುಗುಟ್ಟುತ್ತವೆಯಂತೆ.

ಹಾವೆಂದಾಗ ಇದ್ದ ಭಯಕ್ಕಿಂತ ಗೂಬೆಯೆಂದಾಗ ಉಂಟಾದ ಭಯ ದೊಡ್ಡದು. ಗೂಬೆ ಹೊಕ್ಕ ಮನೆಗೆ ಕೆಲಕಾಲ ಬೀಗ ಹಾಕಬೇಕು, ಶಾಂತಿ ಮಾಡಿಸಬೇಕು ಎಂದು ನೆರೆಯವರು ಸಲಹೆಯಿತ್ತರು. ಸೂರಿನ ಕಿಂಡಿ ಮುಚ್ಚಲು ಗಾರೆಯವನಿಗೆ ಹೇಳಿಕಳುಹಿಸಿದ್ದೂ ಆಯಿತು. ಮುಚ್ಚಿದರೆ ತಂದೆತಾಯಿ ಹೊರಗೆ, ಮರಿಗಳು ಒಳಗೆ. ಅದು ಜೀವಂತ ಸಮಾಧಿಯೇ ಸರಿ. ಹಾವಿನವರು ಇಷ್ಟನ್ನು ಹೇಳಿದಾಗ ನಮ್ಮ ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ:

"ಮರಿಗಳಿಗೆ ಎಷ್ಟು ದಿನವಾಗಿರಬಹುದಪ್ಪ?"

"ದೊಡ್ಡದಕ್ಕೆ ಇಪ್ಪತ್ತು ದಿನ ಇರಬಹುದಮ್ಮ. ಚಿಕ್ಕದಕ್ಕೆ ಇನ್ನೂ ಎರಡು ವಾರ ತುಂಬಿಲ್ಲ."

ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ನನ್ನ ಕಡೆ ತಿರುಗಿ, "ಬಾಣಂತಿಯನ್ನು ಬೀದಿಗೆ ಹಾಕಿದ ಮನೆಗೆ ಯಾವ ಶಾಂತಿ ಮಾಡಿಸಿದರೆ ಏನು ಬಂತು? ರೆಕ್ಕೆ ಬಲಿಯುವವರೆಗೆ ಇರಲಿ ಬಿಡೋ. ಗಾರೆಯವನಿಗೆ ಬೇಡವೆಂದು ಹೇಳು" ಎಂದರು.

ಅಲ್ಲಿಗೆ ಚರ್ಚೆ ಮುಗಿಯಿತು.

ಉಪಕಾರವೆಂದರೆ ಯಾವುದು?

ಮರಿಗಳಲ್ಲಿ ಹಿರಿದು ಕಿರಿದೆಂಬ ಈ ತಾರತಮ್ಯಕ್ಕೆ ಕಾರಣವಿದೆ. ತಾಯಿ ಎರಡು ಮೂರು ದಿನಗಳಿಗೊಂದರಂತೆ ಮೊಟ್ಟೆಯಿಡುತ್ತದೆ. ಮೊದಲನೆಯದನ್ನು ಇಟ್ಟೊಡನೆಯೇ ಕಾವಿಗೆ ಕೂರುತ್ತದೆ. ಸುಮಾರು ಒಂದು ತಿಂಗಳ ಕಾವು ಮುಗಿದಾಗ ಮರಿಗಳೂ ಅದೇ ಸರದಿಯಲ್ಲಿ ಹೊರಬಂದು ಮೆಟ್ಟಿಲಿನಂತೆ ಸಾಲಾಗುತ್ತವೆ. ಆಹಾರ ಸಮೃದ್ಧವಾಗಿದ್ದರೆ ಎಲ್ಲವೂ ಉಳಿಯುತ್ತವೆ. ಕೊರತೆಯಾದರೆ ಕಿರಿಯದು ಹಿಂದೆ ಬೀಳುತ್ತದೆ. ನಮ್ಮ ಅಟ್ಟದಲ್ಲಿಯೂ ನಾಲ್ಕನೆಯದು ಉಳಿಯಲಿಲ್ಲ.

ಅಡುಗೆಮನೆಯಿಂದ ಹಾಲನ್ನವನ್ನೋ ಬ್ರೆಡ್ಡನ್ನೋ ಕೊಟ್ಟು ಅದನ್ನು ಉಳಿಸುವಂತಿರಲಿಲ್ಲ. ಬೇಟೆಹಕ್ಕಿಗೆ ಅವು ಆಹಾರವಲ್ಲ, ಅಪಾಯ. ಮರಿಯ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಇಲಿ ಹಿಡಿಯುವ ಕೆಲಸವನ್ನು ಗೂಬೆಗಳಿಗೇ ಬಿಡುವುದು ಲೇಸು. ಅದರಲ್ಲಿ ಅವುಗಳನ್ನು ಮೀರಿಸುವವರಿಲ್ಲ. ಕಣಜಗೂಬೆಯ ಕಿವಿಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇರುವುದರಿಂದ ಸದ್ದು ಬಂದ ಸ್ಥಳ ಅದಕ್ಕೆ ಕರಾರುವಾಕ್ಕಾಗಿ ತಿಳಿಯುತ್ತದೆ. ಅಮೆರಿಕದ ವಿಜ್ಞಾನಿ ರೋಜರ್ ಪೇನ್ 1971ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಈ ಹಕ್ಕಿ ಸಂಪೂರ್ಣ ಕತ್ತಲೆಯಲ್ಲಿ ಕೇವಲ ಕಿವಿಯನ್ನು ನಂಬಿ ಇಲಿಯ ಮೇಲೆರಗಿತು. ತಿಂದ ಬಳಿಕ ಕೂದಲು ಮೂಳೆಗಳನ್ನು ಉಂಡೆ ಕಟ್ಟಿ ಕಕ್ಕುತ್ತದೆ. ಅಟ್ಟದ ಕೆಳಗೆ ಸಿಕ್ಕಿದ ಅಂಥ ಒಂದು ಉಂಡೆಯನ್ನು ನನ್ನ ಮಗಳು ನೀರಿನಲ್ಲಿ ನೆನೆಸಿ ಬಿಡಿಸಿದಾಗ ಇಲಿಗಳ ಮೂರು ತಲೆಬುರುಡೆಗಳು ದೊರೆತವು. ಇಸ್ರೇಲಿನ ಸ್ದೆ ಎಲಿಯಾಹು ಎಂಬ ಕೃಷಿವಸತಿಯಲ್ಲಿ 1983ರಲ್ಲಿ ಈ ಹಕ್ಕಿಗಾಗಿ ಹೊಲಗಳಲ್ಲಿ ಪೆಟ್ಟಿಗೆಗಳನ್ನು ನಿಲ್ಲಿಸತೊಡಗಿದುದು ಸುಮ್ಮನೆ ಅಲ್ಲ. ಮುಂದೆ ನೆರೆಯ ಜೋರ್ಡಾನಿನ ರೈತರೂ ಅದೇ ದಾರಿ ಹಿಡಿದರು.

ಹಾಗಾದರೆ ಆತಿಥೇಯರು ಮಾಡಬೇಕಾದುದೇನು? ಮೊದಲನೆಯದು, ಇಲಿಪಾಷಾಣವನ್ನು ನಿಲ್ಲಿಸುವುದು. ಇಂದಿನ ಪಾಷಾಣಗಳನ್ನು ತಿಂದ ಇಲಿ ಕೂಡಲೆ ಸಾಯದೆ ಕೆಲವು ದಿನ ಮಂಕಾಗಿ ತಿರುಗುತ್ತದೆ. ಅದನ್ನು ಹಿಡಿದು ತಿಂದ ಗೂಬೆಯ ಮೈಗೂ ವಿಷವೇರುತ್ತದೆ. ನಾವು ಬೀದಿಯ ಹತ್ತು ಮನೆಗಳಿಗೂ ಮೂಲೆಯ ದಿನಸಿ ಅಂಗಡಿಗೂ ಹೋಗಿ, ಎರಡು ತಿಂಗಳು ಪಾಷಾಣದ ಬದಲು ಬೋನನ್ನು ಇಡಿರೆಂದು ಬೇಡಿಕೊಂಡೆವು. ಕೆಲವರು ನಕ್ಕರು, ಆದರೆ ಬಹುಮಂದಿ ಒಪ್ಪಿದರು.

ಎರಡನೆಯದು, ಮರಿ ಕೆಳಗೆ ಬಿದ್ದರೆ ಏನು ಮಾಡಬೇಕೆಂದು ತಿಳಿದಿರುವುದು. ಮನುಷ್ಯ ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸದೆಂಬುದು ಬರಿಯ ಕಲ್ಪನೆ. ಆದರೆ ಗೂಡಿನಿಂದ ಬಿದ್ದ ಮರಿಗೆ ಕಣಜಗೂಬೆ ನೆಲಕ್ಕಿಳಿದು ಉಣಿಸುವುದು ಅಪರೂಪ. ಗಾಯವಿಲ್ಲದಿದ್ದರೆ ದಪ್ಪ ಬಟ್ಟೆಯಲ್ಲಿ ಹಿಡಿದು ಗೂಡಿಗೇ ಮರಳಿಸಬೇಕು. ಗಾಯವಾಗಿದ್ದರೆ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲೆಯಲ್ಲಿ, ಸದ್ದಿಲ್ಲದೆ ಇರಿಸಿ ಅರಣ್ಯ ಇಲಾಖೆಗೋ, ಬೆಂಗಳೂರಿನ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆಯಂಥ ಕಡೆಗೋ ತಿಳಿಸಬೇಕು. ಮುದ್ದಾಗಿದೆಯೆಂದು ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಗೂಡು ಕೆಡಿಸುವುದೂ ಅಪರಾಧವೇ.

ಕ್ಯಾಮರಾದ ಸಂಯಮ

ಇಂಥ ಅತಿಥಿ ಮನೆಯಲ್ಲಿರುವಾಗ ಚಿತ್ರ ತೆಗೆಯುವ ಆಸೆ ಯಾರಿಗಿಲ್ಲ? ಇಂಗ್ಲೆಂಡಿನ ಪ್ರಸಿದ್ಧ ಪಕ್ಷಿಚಿತ್ರಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಬಳಿ ಇರುಳಿನಲ್ಲಿ ಮರೆಯನ್ನೇರುತ್ತಿದ್ದಾಗ, ಮರಿಗಳ ಕಾವಲಿಗಿದ್ದ ಹಕ್ಕಿ ಮೌನವಾಗಿ ಬಂದೆರಗಿ ಅವರ ಎಡಗಣ್ಣನ್ನೇ ಕಳೆಯಿತು. ಆದರೂ ಅವರು ಗೂಬೆಯನ್ನು ದ್ವೇಷಿಸಲಿಲ್ಲ. ಜೀವಮಾನವೆಲ್ಲ ಹಕ್ಕಿಗಳ ಚಿತ್ರ ತೆಗೆದರು.

ಕಣ್ಣು ನಮ್ಮದು ಉಳಿದರೆ ಸಾಲದು. ಹಕ್ಕಿಯ ನೆಮ್ಮದಿಯೂ ಉಳಿಯಬೇಕು. ಮೊಟ್ಟೆಯ ಮೇಲೆ ಕೂತ ಗೂಬೆಯನ್ನು ಪದೇ ಪದೇ ಕಾಡಿದರೆ ಅದು ಗೂಡನ್ನೇ ತೊರೆಯಬಹುದು. ಆದುದರಿಂದ ಮರಿಗಳಿಗೆ ತಿಂಗಳು ತುಂಬುವವರೆಗೆ ನಾವು ಅಟ್ಟ ಹತ್ತಲಿಲ್ಲ. ಬಳಿಕ ಒಂದು ಸಂಜೆ, ಹಿರಿಯ ಹಕ್ಕಿಗಳೆರಡೂ ಬೇಟೆಗೆ ಹೊರಟಾಗ, ಅವುಗಳ ಕಣ್ಣಿಗೆ ಕಾಣದ ಅತಿಕೆಂಪು ಬೆಳಕಿನಲ್ಲಿ ಚಿತ್ರ ಹಿಡಿಯುವ ಸಣ್ಣ ಕ್ಯಾಮರಾವನ್ನು ತೊಲೆಗೆ ಕಟ್ಟಿ ಇಳಿದೆವು. ಅಂದಿನಿಂದ ನಡುಮನೆಯಲ್ಲಿ ಕುಳಿತೇ ಅವುಗಳ ಸಂಸಾರವನ್ನು ನೋಡಿದೆವು. ಮಿಂಚುದೀಪವನ್ನು ಒಮ್ಮೆಯೂ ಬಳಸಲಿಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ಮಾಟಮಂತ್ರಗಳಿಗಾಗಿ, ವಿಶೇಷವಾಗಿ ದೀಪಾವಳಿಯ ಸುಮಾರಿಗೆ, ಗೂಬೆಗಳನ್ನು ಹಿಡಿದು ಮಾರುವ ಜಾಲವಿದೆಯೆಂದು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಟ್ಟಿರುವ ಟ್ರಾಫಿಕ್ ಸಂಸ್ಥೆ 2010ರಲ್ಲಿಯೇ ವರದಿ ಮಾಡಿದೆ. ಮನೆಯ ಗುರುತು ಸಿಗುವಂಥ ಚಿತ್ರವನ್ನು ಊರಿಗೆಲ್ಲ ಹಂಚುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ. ಮರಿಗಳು ಹಾರಿಹೋಗುವವರೆಗೆ ನಮ್ಮ ಚಿತ್ರಗಳು ಮನೆಯ ಹೊಸ್ತಿಲು ದಾಟಲಿಲ್ಲ.

ಮನೆಗೆ ಗೂಬೆ ಬಂದರೆ ಅನಿಷ್ಟವೆನ್ನುವವರು ಒಂದು ಮಾತನ್ನು ಯೋಚಿಸಬೇಕು. ಅದು ಬಂದುದು ಇಲಿಗಳಿರುವುದರಿಂದ, ಮತ್ತು ಹಿಂದೆ ಅದು ನೆಲೆಸುತ್ತಿದ್ದ ಪೊಟರೆಮರಗಳನ್ನು ನಾವು ಉರುಳಿಸಿರುವುದರಿಂದ. ಅದು ಕೇಳುವುದು ಒಂದು ಕತ್ತಲೆಯ ಮೂಲೆಯನ್ನು, ಮೂರು ತಿಂಗಳ ಅವಧಿಯನ್ನು, ವಿಷವಿಲ್ಲದ ಒಂದು ಬೀದಿಯನ್ನು. ಇಷ್ಟನ್ನು ಕೊಡಲಾರದವರು ತಮ್ಮ ಕಷ್ಟಗಳಿಗೆ ಗೂಬೆಯನ್ನು ಹೊಣೆ ಮಾಡುವುದು ನ್ಯಾಯವಲ್ಲ.