ಮೊದಲು ವೈರಿಂಗ್, ಆಮೇಲೆ ಲೇತ್

ಲೇತಿನ ಚಕ್ ನಿಂತೇ ಇತ್ತು. ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದಿದ್ದ ಅದರ ಮೂರು ದವಡೆಗಳೂ ಟ್ಯೂಬ್‌ಲೈಟಿನ ಬೆಳಕಲ್ಲಿ ಎಣಿಸಲು ಬರುವಂತೆ ಕಾಣುತ್ತಿದ್ದವು. ಪಕ್ಕದ ಮೇಜಿನ ಮೇಲೆ ಗ್ರೈಂಡರ್ ಕಿರುಚುತ್ತಿತ್ತು. ಆ ಗದ್ದಲದಲ್ಲಿ ಲೇತ್ ಆರಿಸಿದ್ದೇನೆ ಎಂದೇ ಅಂದುಕೊಂಡು, ಆ ತುಂಡನ್ನು ಬಿಚ್ಚೋಣವೆಂದು ಕೈ ಚಾಚಿದೆ.

“ಕೈ ತೆಗಿಯಪ್ಪಾ!”

ಕೂಗಿದವರು ನಮ್ಮ ಬೀದಿಯ ಹಿರಿಯರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ನಾನು ಕೊಂಡ ಪುಟ್ಟ ಲೇತ್ ನೋಡಲು ಬಂದಿದ್ದರು. ಮಾತಾಡದೆ ಹೋಗಿ ಟ್ಯೂಬ್‌ಲೈಟ್ ಆರಿಸಿದರು. ಕಿಟಕಿಯ ಬೆಳಕಿನಲ್ಲಿ ನೋಡಿದರೆ ದವಡೆಗಳೇ ಇಲ್ಲ. ಅಲ್ಲಿದ್ದದ್ದು ಗಿರ್ರನೆ ತಿರುಗುವ ಬೂದುಬಣ್ಣದ ಮಸುಕು ಮಾತ್ರ.

ಲೆಕ್ಕ ಸರಳ. ಚಕ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿತ್ತು, ಅಂದರೆ ಸೆಕೆಂಡಿಗೆ 33 ಚಿಲ್ಲರೆ. ದವಡೆ ಮೂರು. ಹಾಗಾಗಿ ಕಣ್ಣೆದುರಿನ ಒಂದು ಜಾಗವನ್ನು ಸೆಕೆಂಡಿಗೆ ಸರಿಯಾಗಿ 100 ದವಡೆಗಳು ಹಾದುಹೋಗುತ್ತವೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಚೋಕ್ ಹಾಕಿದ ಹಳೇ ಟ್ಯೂಬ್‌ಲೈಟ್ ಒಂದೊಂದು ಆವರ್ತಕ್ಕೂ ಎರಡು ಸಲ, ಸೆಕೆಂಡಿಗೆ 100 ಸಲ, ಮಂಕಾಗಿ ಮತ್ತೆ ಬೆಳಗುತ್ತದೆ. ಬೆಳಗಿದಾಗಲೆಲ್ಲ ಒಂದು ದವಡೆ ಇದ್ದಲ್ಲಿಗೆ ಇನ್ನೊಂದು ಬಂದಿರುತ್ತದೆ. ಓಡುವ ಯಂತ್ರ ನಿಂತಂತೆ ಕಾಣುತ್ತದೆ.

“ಮಿಷನ್ ಕೊನೇಲಿ ಬರಬೇಕಾಗಿತ್ತು. ಮದುವೆ ಆದ್ಮೇಲೆ ಚಪ್ಪರ ಹಾಕೋರು ಉಂಟೇನಪ್ಪಾ?” ಎಂದರು ಹಿರಿಯರು. ಮನೆಯಲ್ಲೊಂದು ವರ್ಕ್‌ಶಾಪ್ ಮಾಡಿಕೊಳ್ಳಬೇಕು ಎನ್ನುವವರಿಗೆ ನಾನು ಹೇಳಬಹುದಾದದ್ದೂ ಇಷ್ಟೆ: ಚಪ್ಪರ ಮೊದಲು.

ಲೇತಿನ ಊರು

ಬಿಡುವಿನ ವೇಳೆಯಲ್ಲಿ ಮನೆಯ ಶೆಡ್ಡಿನಲ್ಲಿ ಲೋಹ ಕಡೆಯುವ ಹವ್ಯಾಸ ಇಂಗ್ಲೆಂಡಿನಲ್ಲಿ ಹಳೆಯದು. ಪುಟಾಣಿ ಉಗಿಬಂಡಿ, ಗಡಿಯಾರ ಮಾಡುವವರಿಗೆಂದೇ ಅಲ್ಲಿ 1898ರಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರುವಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬಂದ ಮೈಫೋರ್ಡ್ ಎಂಎಲ್7 ಎಂಬ ಚಿಕ್ಕ ಲೇತ್ ಸಾವಿರಾರು ಮನೆಗಳ ಹಿತ್ತಲು ಸೇರಿತು.

ನಮ್ಮಲ್ಲಿ ಲೇತ್ ಹವ್ಯಾಸವಾಗಿ ಬರಲಿಲ್ಲ, ಹೊಟ್ಟೆಪಾಡಾಗಿ ಬಂತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು; ಅದರ ಲೇತ್‌ಗಳು ಆ ಕಾರ್ಖಾನೆಗಿಂತ ದೀರ್ಘಾಯುಷಿಗಳಾಗಿ ಇವತ್ತಿಗೂ ಎಷ್ಟೋ ಗ್ಯಾರೇಜುಗಳಲ್ಲಿ ತಿರುಗುತ್ತಿವೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾಯಿತು. ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಅದು ಮೊದಲು ಮಾಡಿದ್ದು ಎಚ್22 ಎಂಬ ಲೇತನ್ನು. ಎಚ್‌ಎಂಟಿ ಎಂದರೆ ನಮಗೆ ನೆನಪಾಗುವ ಕೈಗಡಿಯಾರ ಬಂದದ್ದು 1961ರಲ್ಲಿ. ಯಂತ್ರೋಪಕರಣಗಳ ಸಂಶೋಧನೆಗೆಂದು ತುಮಕೂರು ರಸ್ತೆಯಲ್ಲಿ ಸಿಎಂಟಿಐ ಸಂಸ್ಥೆ ಬಂತು. ಆಮೇಲೆ ಪೀಣ್ಯದ ಶೆಡ್ಡುಗಳು ಬೆಳೆದವು. ಬೀದಿಗೊಬ್ಬ ಟರ್ನರ್, ಒಬ್ಬ ಫಿಟ್ಟರ್ ಇದ್ದ ಊರು ಬೆಂಗಳೂರು.

ಅವರ ಕೈಕಸುಬು ಮಾತ್ರ ಗೇಟಿನಾಚೆ ಬರಲಿಲ್ಲ. ಕಾರ್ಖಾನೆಯ ಯಂತ್ರ ಕಾರ್ಖಾನೆಯ ಕೆಲಸಕ್ಕೆ. ಈಗ ಸಣ್ಣ ಘಟಕಗಳೂ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಹೊರಳಿ, ಕೈಲಿ ನಡೆಸುವ ಹಳೇ ಲೇತ್‌ಗಳು ಗುಜರಿ ಸೇರುತ್ತಿವೆ. ಇನ್ನೊಂದು ಕಡೆ, ಮೇಜಿನ ಮೇಲೆ ಕೂರುವ ಮಿನಿ ಲೇತ್ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೇ ಬರುತ್ತದೆ. ಆಸೆಪಡುವವರಿಗೆ ಇದು ಒಳ್ಳೆಯ ಕಾಲ. ನನ್ನಂತೆ ಅವಸರ ಮಾಡುವವರಿಗೆ ಅಪಾಯದ ಕಾಲವೂ ಹೌದು.

ಮೀಟರ್ ಬೋರ್ಡಿನಿಂದ ಆರಂಭ

ನನ್ನ ವರ್ಕ್‌ಶಾಪು ಹಿಂದೆ ಸ್ಕೂಟರ್ ನಿಲ್ಲಿಸುತ್ತಿದ್ದ ಜಾಗ, ಉದ್ದ ಹನ್ನೆರಡು ಅಡಿ, ಅಗಲ ಎಂಟು. ಅಲ್ಲಿಗೆ ಕರೆಂಟು ಬರುತ್ತಿದ್ದದ್ದು ಅಡುಗೆಮನೆ ಕಿಟಕಿಯಿಂದ ಎಳೆದ ಎಕ್ಸ್‌ಟೆನ್ಷನ್ ವೈರಿನಲ್ಲಿ. ಹಿರಿಯರು ಅದನ್ನು ಕಾಲಲ್ಲೇ ತೋರಿಸಿ, “ಇದು ಸೀರಿಯಲ್ ಲೈಟ್ ಹಾಕೋಕೆ ಸರಿ” ಎಂದರು.

ಮೊದಲು ನೋಡಬೇಕಾದದ್ದು ಕರೆಂಟ್ ಬಿಲ್ಲು. ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂದು ಅದರಲ್ಲೇ ಇರುತ್ತದೆ. ಒಂದು ಎಚ್‌ಪಿ ಎಂದರೆ 746 ವಾಟ್. ಗೀಸರ್, ಇಸ್ತ್ರಿಪೆಟ್ಟಿಗೆಯ ಜತೆ ಎರಡು ಎಚ್‌ಪಿ ಮೋಟರ್ ಸೇರಿದರೆ ಮನೆಯ ಲೋಡ್ ಸಾಲುತ್ತದೆಯೇ ಎಂದು ಲೆಕ್ಕ ಹಾಕಿ, ಸಾಲದಿದ್ದರೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಆಮೇಲಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದು. ಆದರೆ ಅವರಿಗೆ ಏನು ಬೇಕೆಂದು ಹೇಳುವಷ್ಟು ನಮಗೂ ತಿಳಿದಿರಬೇಕು.

ಮನೆಯ ಮುಖ್ಯ ಬೋರ್ಡಿನಿಂದ ವರ್ಕ್‌ಶಾಪಿಗೆ ಪ್ರತ್ಯೇಕ ಲೈನು ಎಳೆಸಿದೆ. ತಾಮ್ರದ ವೈರು, 4 ಚದರ ಮಿ.ಮೀ. ಗಾತ್ರದ್ದು. ಅಲ್ಲೊಂದು ಚಿಕ್ಕ ಬೋರ್ಡು ಕೂತಿತು. ಒಂದೊಂದು ಯಂತ್ರಕ್ಕೂ ಒಂದೊಂದು ಎಂಸಿಬಿ. ಇಲ್ಲಿ ನಾನು ಕಲಿತ ಪಾಠವೊಂದಿದೆ. ಗ್ರೈಂಡರ್ ಹಾಕಿದಾಗಲೆಲ್ಲ ಎಂಸಿಬಿ ಟಪ್ಪೆಂದು ಬೀಳುತ್ತಿತ್ತು. ಮೋಟರ್ ನಿಂತಲ್ಲಿಂದ ಏಳುವ ಕ್ಷಣದಲ್ಲಿ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಬಿ ಮಾದರಿಯ ಎಂಸಿಬಿ ಮೂರರಿಂದ ಐದು ಪಟ್ಟಿಗೇ ಬೆದರಿ ಬೀಳುತ್ತದೆ. ಸಿ ಮಾದರಿಯದು ಐದರಿಂದ ಹತ್ತು ಪಟ್ಟಿನವರೆಗೆ ತಾಳುತ್ತದೆ. ಆಂಪಿಯರ್ ಹೆಚ್ಚಿಸದೆ ಮಾದರಿ ಬದಲಿಸಿದ್ದೇ ತಡ, ಕಾಟ ನಿಂತಿತು. ಎಂಸಿಬಿ ಬೀಳುತ್ತದೆಂದು ಆಂಪಿಯರ್ ಏರಿಸುತ್ತ ಹೋದರೆ ವೈರು ಸುಡುತ್ತದೆ. ಎಂಸಿಬಿ ಇರುವುದೇ ವೈರನ್ನು ಕಾಯಲು.

ಮನುಷ್ಯನನ್ನು ಕಾಯುವುದು ಬೇರೆ ಸಾಧನ, ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬರುವುದರೊಳಗೆ, ಅಂದರೆ ಅಷ್ಟು ಕರೆಂಟು ನಮ್ಮ ಮೈಮೂಲಕವೋ ಇನ್ನೆಲ್ಲೋ ಸೋರುತ್ತಿದೆ ಎಂದಾಗ, ಅದು ಲೈನನ್ನೇ ಕಡಿದುಬಿಡುತ್ತದೆ. ಇದರ ಜತೆಗೆ ಒಳ್ಳೆಯ ಅರ್ತಿಂಗ್ ಬೇಕೇ ಬೇಕು. ಲೇತಿನ ಮೈಯೆಲ್ಲ ಕಬ್ಬಿಣ, ಮುಟ್ಟುವವನ ಕೈ ಎಣ್ಣೆ ನೀರಿನಲ್ಲಿ ಒದ್ದೆ. ಇದ್ದಿಲು, ಉಪ್ಪು ತುಂಬಿದ ಹಳೇ ಅರ್ತ್ ಗುಂಡಿಯಾದರೆ ಬೇಸಿಗೆಯಲ್ಲಿ ಒಂದೆರಡು ಕೊಡ ನೀರು ಹುಯ್ಯುವುದನ್ನು ಮರೆಯಬಾರದು.

ಬೆಳಕಿನ ಲೈನು ಯಂತ್ರದ ಲೈನಿನಿಂದ ಬೇರೆಯೇ ಇರಲಿ. ಯಂತ್ರದ ಲೈನು ಬಿದ್ದಾಗ ದೀಪವೂ ಆರಿದರೆ, ಇನ್ನೂ ತಿರುಗುತ್ತಿರುವ ಚಕ್ ಪಕ್ಕ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ. ನಾನು ಹಳೇ ಟ್ಯೂಬ್‌ಲೈಟ್ ತೆಗೆಸಿ ಮಿನುಗದ ಎಲ್‌ಇಡಿ ಹಾಕಿಸಿದೆ. ಅಗ್ಗದ ಎಲ್‌ಇಡಿಗಳೂ ಮಿನುಗುತ್ತವೆ. ಬೆಳಕಿನಡಿ ಪೆನ್ಸಿಲನ್ನು ಬೇಗ ಬೇಗ ಆಡಿಸಿದಾಗ ಒಂದು ಪೆನ್ಸಿಲ್ ಹತ್ತಾಗಿ ಕಂಡರೆ ಅದು ಬೇಡ.

ಇನ್ನೊಂದು ವಿಷಯವನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕರೆಂಟು ಹೋದಾಗ ಬಿಟ್ಟುಕೊಳ್ಳುತ್ತದೆ. ಬಂದ ಮೇಲೆ ಹಸಿರು ಗುಂಡಿ ಒತ್ತಿದರಷ್ಟೇ ಮೋಟರ್ ಏಳುವುದು. ರಾತ್ರಿ ಎದ್ದು ತೋಟಕ್ಕೆ ಹೋಗುವುದು ತಪ್ಪಲೆಂದು ಅದಕ್ಕೆ ಆಟೊ ಸ್ಟಾರ್ಟರ್ ಜೋಡಿಸುತ್ತಾರೆ. ವರ್ಕ್‌ಶಾಪಿನಲ್ಲಿ ಆ ಜಾಣತನ ಸಲ್ಲದು. ಮಾಮೂಲಿ ಸ್ವಿಚ್ ಇರುವ ಹಳೇ ಡ್ರಿಲ್ಲಿಂಗ್ ಮಿಷನ್ ಮೇಲೆ ಬಿಟ್ ಬದಲಿಸುತ್ತಿರುವಾಗ ಹೋದ ಕರೆಂಟು ಬಂದುಬಿಟ್ಟರೆ ಬೆರಳಿನ ಗತಿ ಏನು? ಹಾಗಾಗಿ ಎಲ್ಲ ಯಂತ್ರಕ್ಕೂ ಸ್ಟಾರ್ಟರ್, ಕೈಗೆ ಸುಲಭವಾಗಿ ಸಿಗುವಲ್ಲಿ ಅಣಬೆಯಾಕಾರದ ಕೆಂಪು ಗುಂಡಿ.

ಗುಜರಿಯಿಂದ ದೊಡ್ಡ ಲೇತ್ ತರುವವರಿಗೆ ತ್ರೀ ಫೇಸ್ ಪ್ರಶ್ನೆ ಎದುರಾಗುತ್ತದೆ. ಅದರ ಮೋಟರ್ 415 ವೋಲ್ಟಿನದು, ಮನೆಯದು 230 ವೋಲ್ಟಿನ ಸಿಂಗಲ್ ಫೇಸ್. ವಿಎಫ್‌ಡಿ ಎಂಬ ಡ್ರೈವ್ ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುತ್ತದೆ, ವೇಗವನ್ನೂ ಹೆಚ್ಚು ಕಡಿಮೆ ಮಾಡುತ್ತದೆ. ಅದು ಕೊಡುವುದೂ 230 ವೋಲ್ಟೇ ಆದ್ದರಿಂದ ಮೋಟರಿನ ಡಬ್ಬಿಯೊಳಗೆ ಸ್ಟಾರ್ ಜೋಡಣೆಯನ್ನು ಡೆಲ್ಟಾಕ್ಕೆ ಬದಲಿಸಬೇಕು. ಮೋಟರ್ ಅದಕ್ಕೆ ಒಪ್ಪುವಂಥದ್ದೇ ಎಂಬುದು ನೇಮ್‌ಪ್ಲೇಟಿನಲ್ಲಿ ಇರುತ್ತದೆ. ಕೊಳ್ಳುವ ಮುಂಚೆ ಎಣ್ಣೆಯ ಜಿಡ್ಡು ಒರೆಸಿ ಅದನ್ನು ಓದುವುದು ಒಳ್ಳೆಯದು.

ಅರದ ಪಾಠ

ವೈರಿಂಗ್ ಮುಗಿಯಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಲೇತ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿತ್ತು. ಹಿರಿಯರು ನನ್ನನ್ನು ಬೆಂಚ್ ವೈಸ್ ಮುಂದೆ ನಿಲ್ಲಿಸಿದರು. ವೈಸಿನ ತುದಿ ಮೊಣಕೈ ಎತ್ತರಕ್ಕೆ ಇರಬೇಕು. ಅದಕ್ಕಿಂತ ತಗ್ಗಾದರೆ ಬೆನ್ನು ನೋಯುತ್ತದೆ, ಎತ್ತರವಾದರೆ ಅರ ನೆಟ್ಟಗೆ ಓಡುವುದಿಲ್ಲ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದ ಕಬ್ಬಿಣದ ತುಂಡೊಂದನ್ನು ಕೊಟ್ಟು, ಆರೂ ಮುಖ ಮೂಲೆಮಟ್ಟಕ್ಕೆ ಬರುವ ಹಾಗೆ ಅರ ಹಾಕು ಎಂದರು. ಐಟಿಐನಲ್ಲಿ ಫಿಟ್ಟರ್ ಓದುವ ಹುಡುಗರ ಮೊದಲ ಪಾಠವೂ ಇದೇ. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಪ್ರತಿ ಸಲವೂ ನಡುವೆ ಉಬ್ಬು. ಕೈ ತೊಟ್ಟಿಲಂತೆ ತೂಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಅಳತೆಯ ಕಣ್ಣು ತೆರೆಯುವುದೂ ಇಲ್ಲೇ. ಬಡಗಿಯ ಲೆಕ್ಕ ನೂಲಿನಲ್ಲಿ. ಇಂಚಿಗೆ ಎಂಟು ನೂಲು, ನೂಲಿಗೆ ಸುಮಾರು ಮೂರು ಮಿ.ಮೀ. ಟರ್ನರನ ಲೆಕ್ಕ ಮಿಲಿಮೀಟರಿನ ನೂರನೇ ಒಂದು ಪಾಲು. ವರ್ನಿಯರ್ 0.02 ಮಿ.ಮೀ. ತೋರಿಸಿದರೆ ಮೈಕ್ರೊಮೀಟರ್ 0.01 ತೋರಿಸುತ್ತದೆ. ಅದರ ಬಾಯಿಗೆ ಅಮ್ಮನ ತಲೆಗೂದಲೊಂದನ್ನು ಇಟ್ಟು ತಿರುಗಿಸಿದೆ. ಏಳು ಪಾಲು ದಪ್ಪವಿತ್ತು.

ಸಾಮಾನು ಹುಡುಕಲು ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಎಸ್‌ಪಿ ರಸ್ತೆ, ಎನ್‌ಆರ್ ರಸ್ತೆಯ ಅಂಗಡಿಗಳಲ್ಲಿ ಹೊಸದು ಸಿಗುತ್ತದೆ; ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಯಾರೋ ಟರ್ನರ್ ಬಳಸಿ ಬಿಟ್ಟ ಟೂಲುಗಳು ರಾಶಿಯಲ್ಲಿ ಬಿದ್ದಿರುತ್ತವೆ. ಬೆಂಚ್ ಗ್ರೈಂಡರನ್ನು ಮಾತ್ರ ಲೇತಿನಿಂದ ಆದಷ್ಟು ದೂರದ ಮೂಲೆಯಲ್ಲಿ ಇಡಿ. ಅದರ ಕಲ್ಲಿನ ಪುಡಿ ಎಣ್ಣೆಗೆ ಅಂಟಿ ಲೇತಿನ ಹಳಿಯನ್ನು ಸವೆಸುತ್ತದೆ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೆ ಎಂಬುದು ನಿಮಗಾಗಲೇ ಗೊತ್ತು.

ಬೆಡ್‌ಶೀಟ್ ಸರಿಸಿದ ದಿನ

ಲೇತಿನ ಮುಂದೆ ನಿಲ್ಲುವ ಮುನ್ನ ಹಿರಿಯರು ನನ್ನ ಮೈಮೇಲಿನ ಸಾಮಾನು ಬಿಚ್ಚಿಸಿದರು. ಉಂಗುರ, ವಾಚು, ಕೊರಳ ಸರ. ತುಂಬುತೋಳನ್ನು ಮೊಣಕೈ ಮೇಲಕ್ಕೆ ಮಡಿಸಬೇಕು. ಜುಟ್ಟು, ಜಡೆ, ಸೆರಗು, ದುಪಟ್ಟಾ ಎಲ್ಲ ಒಳಗೆ. ಕನ್ನಡಕ ಬೇಕು, ಕೈಗವಸು ಬೇಡ. ಕೈಗವಸಿನ ಒಂದು ದಾರ ಚಕ್‌ಗೆ ಸಿಕ್ಕರೆ ಹಿಂದೆಯೇ ಕೈ ಹೋಗುತ್ತದೆ. ಚಕ್ ಕೀಲಿ ಒಂದೋ ಕೈಯಲ್ಲಿರಬೇಕು, ಇಲ್ಲ ಗೂಟದಲ್ಲಿ ನೇತಾಡಬೇಕು. ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಅದು ಕವಣೆಕಲ್ಲು.

ಆಮೇಲೆ ಮಟ್ಟ. ಮೇಜು ಸೊಟ್ಟಗಿದ್ದರೆ ಅದಕ್ಕೆ ಬಿಗಿದ ಲೇತಿನ ಮೈಯೂ ತುಸುವೇ ತಿರುಚಿಕೊಳ್ಳುತ್ತದೆ, ಕಡೆದ ಸರಳು ಒಂದು ತುದಿಯಲ್ಲಿ ದಪ್ಪವಾಗುತ್ತದೆ. ರಸಮಟ್ಟ ಇಟ್ಟು ನೋಡಿದ ಮೇಲೂ ಹಿರಿಯರಿಗೆ ಸಮಾಧಾನವಿಲ್ಲ. ಒಂದು ಸರಳಿನ ಎರಡು ತುದಿಗಳಲ್ಲಿ ಎರಡು ಬಳೆ ಬಿಟ್ಟು ನಡುವೆ ತೆಳುವಾಗಿಸಿ, ಟೂಲನ್ನು ಮುಟ್ಟದೆ ಎರಡೂ ಬಳೆಗಳ ಮೇಲೆ ಒಂದೇ ಓಟ ಓಡಿಸಿದರು. ಮೈಕ್ರೊಮೀಟರಿನಲ್ಲಿ ಅಳೆದರೆ ನಾಲ್ಕು ಪಾಲು ವ್ಯತ್ಯಾಸ. ಒಂದು ಕಾಲಿನಡಿ ತೆಳುತಗಡು ತುರುಕಿ, ಬೋಲ್ಟ್ ಬಿಗಿದು ಮತ್ತೆ ಓಡಿಸಿದೆವು. ಎರಡು. ಇನ್ನೊಂದು ತಗಡು. ಸಂಜೆ ಆರಕ್ಕೆ ಎರಡೂ ಬಳೆ ಒಂದೇ ಅಳತೆಗೆ ಬಂದವು. ಅಂದು ಬೇರೇನೂ ಕಡೆಯಲಿಲ್ಲ.

ಹೊರಡುವಾಗ ಹಳಿಗೆ ಎಣ್ಣೆ ಸವರಿ ಬಟ್ಟೆ ಹೊದಿಸಿ, “ಆಯುಧಪೂಜೆ ಕುಂಕುಮ ವರ್ಷಕ್ಕೊಂದ್ಸಲ ಸಾಕು, ಎಣ್ಣೆ ಮಾತ್ರ ದಿನಾ ಬೇಕು” ಎಂದರು.

ನನ್ನ ಮೊದಲ ಜಾಬ್ ನಮ್ಮ ಮನೆಯ ಗೇಟು. ವರ್ಷಗಳಿಂದ ಅದು ಕಿರ್ರೆನ್ನುತ್ತಿತ್ತು. ತಿರುಗಣಿಯ ಪಿನ್ನು 12 ಮಿ.ಮೀ. ಇದ್ದದ್ದು ನಡುವೆ ಸವೆದು ಹತ್ತೂವರೆಗೆ ಇಳಿದಿತ್ತು, ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ತೂತನ್ನು ದೊಡ್ಡದು ಮಾಡಿ ದುಂಡಾಗಿಸಿದೆ. ಅದರ ಅಳತೆಗಿಂತ ಎರಡು ಪಾಲು ಮಾತ್ರ ಹೆಚ್ಚಿರುವಂತೆ ಹಿತ್ತಾಳೆ ಬುಶ್ ಕಡೆದೆ. ಹಿತ್ತಾಳೆ ಸುರುಳಿ ಬಿಡುವುದಿಲ್ಲ, ಸಣ್ಣ ಚೂರುಗಳಾಗಿ ಚಿಮ್ಮುತ್ತದೆ. ಅಂಗಿಯ ಜೇಬಲ್ಲಿ ಆಮೇಲೂ ನಾಲ್ಕು ದಿನ ಚಿನ್ನದ ಪುಡಿ ಸಿಗುತ್ತಿತ್ತು. ಮೊದಲನೇ ಬುಶ್ ಸಡಿಲ, ಎರಡನೆಯದೂ ಸಡಿಲ. ಮೂರನೆಯದು ವೈಸಿನಲ್ಲಿ ಒತ್ತಿದಾಗ ಬಿಗಿಯಾಗಿ ಕೂತಿತು. ಹೊಸ ಪಿನ್ನು ಹಾಕಿ, ಎರಡು ಹನಿ ಎಣ್ಣೆ ಬಿಟ್ಟು ಗೇಟು ತಳ್ಳಿದೆ. ಸದ್ದೇ ಇಲ್ಲ.

ಅಂಗಡಿಯಲ್ಲಿ ಹೊಸ ತಿರುಗಣಿಯೇ ನೂರಿನ್ನೂರಕ್ಕೆ ಸಿಗುತ್ತಿತ್ತು ಎಂಬುದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಮಾರನೇ ದಿನ ಹಿರಿಯರು ಗೇಟು ತೆರೆದುಕೊಂಡು ಅಂಗಳಕ್ಕೆ ಬಂದು ನಿಂತಾಗ, ಅಕ್ಕಿ ಆರಿಸುತ್ತಿದ್ದ ಅಮ್ಮ ಬೆಚ್ಚಿಬಿದ್ದಳು.

“ಇದೇನೋ, ಇನ್ಮೇಲೆ ಯಾರು ಬಂದ್ರೂ ಗೊತ್ತೇ ಆಗಲ್ವಲ್ಲೋ! ಅದಕ್ಕೊಂದು ಗಂಟೆ ಮಾಡಿ ಕಟ್ಟು.”

ಹಿರಿಯರು ಗೇಟನ್ನು ಎರಡು ಸಲ ಆಡಿಸಿ ನೋಡಿದರು, ಬಗ್ಗಿ ಬುಶ್ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, “ಹಿತ್ತಾಳೆ ಸರಳು ಎಷ್ಟು ಉಳಿದಿದೆ?” ಎಂದು ಕೇಳಿದರು.