ರಕ್ತದಲ್ಲಿ ಒಂದು ಚಮಚ ಸಕ್ಕರೆ

ಗದಗಿನ ಮಗ್ಗುಲಲ್ಲಿರುವ ಮಲ್ಲಸಮುದ್ರದಂತಹ ಊರಿನಲ್ಲಿಯೂ ‘ಸಕ್ಕರೆ ಬೇನೆ’ ಎಂದರೆ ತಿಳಿಯದವರಿಲ್ಲ. ಮನೆಯ ಹಿರಿಯರು ಚಹಕ್ಕೆ ಸಕ್ಕರೆ ಬೇಡವೆನ್ನುವುದನ್ನೂ ಹಬ್ಬದ ದಿನ ಹೋಳಿಗೆಯನ್ನು ದೂರ ಸರಿಸುವುದನ್ನೂ ವಿದ್ಯಾರ್ಥಿಗಳು ಕಂಡೇ ಇರುತ್ತಾರೆ. ಆದುದರಿಂದ, ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚುವುದು, ಅಷ್ಟೆ, ಎಂಬ ಭಾವನೆ ಬಲವಾಗಿ ಬೇರೂರಿದೆ. ಚಿಕಿತ್ಸೆ ಪಡೆಯುತ್ತಿರುವ ರೋಗಿಗೆ ಸಕ್ಕರೆ ಕಡಿಮೆಯಾಗಿಯೂ ಪ್ರಾಣಾಪಾಯ ಒದಗಬಹುದೆಂದರೆ ಅನೇಕರು ನಂಬಲಾರರು. ಈ ಎರಡು ಅಪಾಯಗಳ ನಡುವೆ ಹದಿನೈದು ವರ್ಷಕಾಲ ಸಾವಿರಾರು ಪ್ರೇಕ್ಷಕರ ಮುಂದೆ ಆಡಿದವನೊಬ್ಬನಿದ್ದನು. ಅವನು ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟಗಾರ ರಾನ್ ಸ್ಯಾಂಟೋ.

ಬೇಸ್‌ಬಾಲ್ ನಮ್ಮ ಯುವಕರಿಗೆ ಅಷ್ಟಾಗಿ ಪರಿಚಯವಿಲ್ಲ. ಅದನ್ನು ಕ್ರಿಕೆಟಿನ ದಾಯಾದಿಯೆಂದು ತಿಳಿದರೆ ಸಾಕು. ದಾಂಡು ಒನಕೆಯಂತೆ ದುಂಡಗೆ. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಚೌಕದ ನಾಲ್ಕು ಮೂಲೆಗಳ ತಾಣಗಳನ್ನು ಸುತ್ತಿ ಬಂದರೆ ಒಂದು ಓಟ. ಚೆಂಡನ್ನು ಬೇಲಿಯಾಚೆ ಹೊಡೆದರೆ ಅದು ‘ಹೋಂ ರನ್’. ಒಂದು ತಂಡ ಸುಮಾರು ಆರು ತಿಂಗಳಲ್ಲಿ 162 ಪಂದ್ಯಗಳನ್ನು ಆಡಬೇಕು. ಎಂದರೆ ಹೆಚ್ಚುಕಡಿಮೆ ದಿನಕ್ಕೊಂದು.

ಸ್ಯಾಂಟೋ ಹುಟ್ಟಿದುದು 1940ರಲ್ಲಿ, ಸಿಯಾಟಲ್ ನಗರದಲ್ಲಿ. ಹದಿನೆಂಟನೆಯ ವಯಸ್ಸಿಗೆ ಷಿಕಾಗೋ ಕಬ್ಸ್ ತಂಡ ಅವನನ್ನು ಆರಿಸಿಕೊಂಡಿತು. ಅದೇ ಕಾಲದಲ್ಲಿ ನಡೆದ ವೈದ್ಯ ಪರೀಕ್ಷೆಯಲ್ಲಿ ಅವನ ಮೂತ್ರದಲ್ಲಿ ಸಕ್ಕರೆಯಿರುವುದು ಬಯಲಾಯಿತು. ಹುಡುಗನು ಗ್ರಂಥಾಲಯಕ್ಕೆ ಹೋಗಿ ರೋಗದ ವಿಷಯ ಓದಿದನು. ಎಳೆಯರಿಗೆ ಈ ರೋಗ ತಗುಲಿದರೆ ಇನ್ನು ಇಪ್ಪತ್ತೈದು ವರ್ಷ ಬದುಕಬಹುದು, ಕಣ್ಣು ಮೂತ್ರಪಿಂಡಗಳು ಕೆಡಬಹುದು ಎಂದು ಪುಸ್ತಕದಲ್ಲಿತ್ತು. ಈ ಸಂಗತಿಯನ್ನು ತಂಡಕ್ಕೆ ತಿಳಿಸಿದರೆ ತನ್ನನ್ನು ಬಿಟ್ಟುಬಿಡುವರೆಂದು ಹೆದರಿ ಅವನು ಬಾಯಿ ಮುಚ್ಚಿಕೊಂಡನು.

ನಮ್ಮಲ್ಲಿ ನಡುವಯಸ್ಸಿನವರಿಗೆ ಸಾಮಾನ್ಯವಾಗಿ ಬರುವ ಮಧುಮೇಹವೇ ಬೇರೆ, ಸ್ಯಾಂಟೋವಿಗೆ ಬಂದುದೇ ಬೇರೆ. ಮೊದಲನೆಯದರಲ್ಲಿ ಇನ್ಸುಲಿನ್ ಎಂಬ ರಸ ಉತ್ಪತ್ತಿಯಾದರೂ ಅದರ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಎರಡನೆಯದರಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗುತ್ತವೆ. 1922ಕ್ಕೆ ಮೊದಲು ಇದು ಮರಣದಂಡನೆಯೇ ಆಗಿತ್ತು. ಆ ವರ್ಷದ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ನಿನ ಮೊದಲ ಸೂಜಿಮದ್ದು ಕೊಡಲಾಯಿತು. ಸ್ಯಾಂಟೋ ಮೊದಮೊದಲು ಪಥ್ಯದಿಂದ ನಡೆಸಿದನಾದರೂ ಕೊನೆಗೆ ದಿನಾಲೂ ಸೂಜಿ ಚುಚ್ಚಿಕೊಳ್ಳಲೇಬೇಕಾಯಿತು.

ನಿಜವಾದ ತೊಡಕು ಆರಂಭವಾಗುವುದು ಇಲ್ಲಿಂದಲೇ. ಆರೋಗ್ಯವಂತನ ದೇಹದಲ್ಲಿ ಸುಮಾರು ಐದು ಲೀಟರು ರಕ್ತವಿದೆ. ಅಷ್ಟೂ ರಕ್ತದಲ್ಲಿ ಯಾವುದೇ ಗಳಿಗೆಯಲ್ಲಿ ಇರುವ ಗ್ಲೂಕೋಸು ಸುಮಾರು ಐದು ಗ್ರಾಂ. ಒಂದು ಚಹದ ಚಮಚ ಸಕ್ಕರೆಯಷ್ಟು! ಮಿದುಳೊಂದೇ ದಿನಕ್ಕೆ ನೂರು ಗ್ರಾಮಿಗಿಂತಲೂ ಹೆಚ್ಚು ಗ್ಲೂಕೋಸನ್ನು ಬೇಡುತ್ತದೆ. ಈ ಸಣ್ಣ ಕೊಡ ಬರಿದಾಗದಿರುವುದು ಯಕೃತ್ತು ತನ್ನ ಉಗ್ರಾಣದಿಂದ ಸತತವಾಗಿ ತುಂಬುತ್ತಿರುವುದರಿಂದ. ನಾವು ಓಡತೊಡಗಿದಾಗ ಸ್ನಾಯುಗಳು ಗ್ಲೂಕೋಸನ್ನು ಹೆಚ್ಚು ಹೀರುತ್ತವೆ. ಒಡನೆಯೇ ಗ್ರಂಥಿ ಇನ್ಸುಲಿನ್ನನ್ನು ತಗ್ಗಿಸುತ್ತದೆ, ಯಕೃತ್ತು ಉಗ್ರಾಣದ ಬಾಗಿಲನ್ನು ಅಗಲಿಸುತ್ತದೆ. ಆದರೆ ಬೆಳಿಗ್ಗೆ ಸೂಜಿಯಿಂದ ಒಳಹೊಕ್ಕ ಇನ್ಸುಲಿನ್ನನ್ನು ಮಧ್ಯಾಹ್ನ ಹಿಂದಕ್ಕೆ ತೆಗೆಯುವ ಉಪಾಯವಿಲ್ಲ. ಅದು ಬಾಗಿಲನ್ನು ಅದುಮಿ ಹಿಡಿದಿರುತ್ತದೆ. ಸ್ನಾಯುಗಳೋ ಹೀರುತ್ತಲೇ ಇರುತ್ತವೆ. ಆಗ ಬೆವರು, ನಡುಕ, ಕಣ್ಣು ಮಂಜು, ಬುದ್ಧಿಯ ತೊಡರು. ಸಕ್ಕರೆ ಹೊಟ್ಟೆಗೆ ಬೀಳದಿದ್ದರೆ ಮೂರ್ಛೆ. ಸೂಜಿ ಚುಚ್ಚಿಕೊಂಡು ಉಣ್ಣದೆ ಹೊಲಕ್ಕೆ ಹೋದ ರೈತನಿಗೂ ಇದೇ ಗತಿ. ಅಂಥವನಿಗೆ ಬೆಲ್ಲದ ತುಂಡೇ ಔಷಧ.

ಬೆರಳ ತುದಿಯ ಹನಿ ರಕ್ತದಿಂದ ಕ್ಷಣಾರ್ಧದಲ್ಲಿ ಸಕ್ಕರೆಯನ್ನು ಅಳೆಯುವ ಸಾಧನ ಅಂದು ರೋಗಿಗಳ ಕೈಯಲ್ಲಿರಲಿಲ್ಲ. ಮನೆಯಲ್ಲಿ ಮಾಡಬಹುದಾದುದು ಮೂತ್ರ ಪರೀಕ್ಷೆ ಮಾತ್ರ. ಅದರ ದೋಷವನ್ನು ನೋಡಿರಿ: ರಕ್ತದಲ್ಲಿ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆಯೇ ಮೂತ್ರದಲ್ಲಿ ಸಕ್ಕರೆ ಇಳಿಯುವುದು. ಕೊರತೆಯ ವಿಷಯದಲ್ಲಿ ಆ ಪರೀಕ್ಷೆ ಮೂಕ; ಹೆಚ್ಚಳದ ವಿಷಯದಲ್ಲಿಯೂ ಅದು ಹೇಳುವುದು ಕೆಲವು ಗಂಟೆಗಳ ಹಿಂದಿನ ಸುದ್ದಿ. ಹೀಗಾಗಿ ಸ್ಯಾಂಟೋ ತನ್ನ ಮನಸ್ಸಿನ ಏರುಪೇರನ್ನೇ ಅಳತೆಗೋಲಾಗಿ ಮಾಡಿಕೊಂಡನು. ಸ್ವಲ್ಪ ತಲೆ ತಿರುಗಿದಂತಾದರೆ ಮಿಠಾಯಿ. ಕಬ್ಸ್ ತಂಡದ ರಿಗ್ಲೀ ಮೈದಾನದಲ್ಲಿ 1988ರವರೆಗೂ ದೀಪಗಳಿರಲಿಲ್ಲ. ಆದುದರಿಂದ ತವರಿನಲ್ಲಿ ಹಗಲು ಆಟ, ಪರಸ್ಥಳಗಳಲ್ಲಿ ಹಲವೊಮ್ಮೆ ರಾತ್ರಿ ಆಟ. ಊಟ, ಸೂಜಿ, ಶ್ರಮ ಈ ಮೂರನ್ನೂ ಹೊಂದಿಸಬೇಕಾದವನಿಗೆ ಇಂತಹ ದಿನಚರಿ ಎಷ್ಟು ಕಠಿನವೆಂಬುದನ್ನು ಊಹಿಸಿಕೊಳ್ಳಬಹುದು.

ಅವನೇ ಮುಂದೆ ಹೇಳುತ್ತಿದ್ದ ಪ್ರಸಂಗವೊಂದಿದೆ. ಮೂರು ತಾಣಗಳಲ್ಲಿಯೂ ಜೊತೆಗಾರರು ನಿಂತಿದ್ದರು. ದಾಂಡು ಹಿಡಿಯುವ ಸರದಿ ಇವನದು. ಸಕ್ಕರೆ ಕುಸಿದಿತ್ತು. ಎಸೆದ ಚೆಂಡು ಮೂರಾಗಿ ಕಂಡಿತಂತೆ, ನಡುವಿನದಕ್ಕೆ ಬೀಸಿದನು. ಚೆಂಡು ಬೇಲಿಯಾಚೆ ಬಿದ್ದಿತು. ಹೋಂ ರನ್ ಹೊಡೆದವನು ಗಜಗಮನದಿಂದ ಸುತ್ತುವುದು ವಾಡಿಕೆ. ಇವನು ಮಾತ್ರ ಮಿಠಾಯಿಯ ಕಡೆಗೆ ಧಾವಿಸಿದನು. ಕೇಳಲು ವಿನೋದವಾಗಿದೆ. ಆದರೆ ಗಂಟೆಗೆ ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬರಬಹುದಾದ ಚೆಂಡಿನ ಎದುರು ಕಣ್ಣು ಮಂಜಾಗಿ ನಿಂತುದು ವಿವೇಕವೆಂದು ನಾನಂತೂ ಹೇಳಲಾರೆ. ಗುಟ್ಟು ಕಾಯುವುದಕ್ಕೆ ತೆರಬೇಕಾದ ಬೆಲೆ ಅದಾಗಿತ್ತು.

1965ರಲ್ಲಿ, ಸಮನಾಗಿ ನಿಂತ ಪಂದ್ಯಗಳೂ ಸೇರಿ, ಅವನು 164 ಪಂದ್ಯಗಳನ್ನಾಡಿದನು. 1964ರಿಂದ 1968ರವರೆಗೆ ಐದು ವರ್ಷ ಎಡೆಬಿಡದೆ ಉತ್ತಮ ಕ್ಷೇತ್ರರಕ್ಷಣೆಯ ‘ಗೋಲ್ಡ್ ಗ್ಲವ್’ ಬಹುಮಾನ ಅವನಿಗೇ ಬಂದಿತು. ಜನರಿಗೆ ನಿಜ ತಿಳಿದುದು 1971ರ ಆಗಸ್ಟ್ 28ರಂದು, ಮೈದಾನದಲ್ಲಿ ಅವನ ಗೌರವಾರ್ಥ ಏರ್ಪಟ್ಟ ದಿನ. 1974ರಲ್ಲಿ ನಿವೃತ್ತನಾಗುವ ವೇಳೆಗೆ ಅವನ ಹೋಂ ರನ್‌ಗಳ ಸಂಖ್ಯೆ 342.

ಆದರೆ ರೋಗವು ತನ್ನ ಲೆಕ್ಕವನ್ನು ಮರೆತಿರಲಿಲ್ಲ. ಬಹುಕಾಲ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ಸೂಕ್ಷ್ಮ ರಕ್ತನಾಳಗಳೂ ನರಗಳೂ ಕೆಡುತ್ತವೆ; ಪಾದದ ಗಾಯ ನೋವಾಗದೆ ಬೆಳೆಯುತ್ತದೆ, ರಕ್ತ ಸಾಲದೆ ಮಾಯುವುದಿಲ್ಲ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳಮಟ್ಟಿಗೆ ತಗ್ಗುವುದೆಂದು 1,441 ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ದೀರ್ಘ ಪರೀಕ್ಷೆ ಸ್ಥಾಪಿಸಿದುದು 1993ರಲ್ಲಿ. ಸ್ಯಾಂಟೋ ಆಡುತ್ತಿದ್ದಾಗ ಅಂಥ ಹತೋಟಿಗೆ ಬೇಕಾದ ಸಾಧನಗಳೇ ಇರಲಿಲ್ಲ. 2001ರಲ್ಲಿ ಅವನ ಬಲಗಾಲನ್ನೂ ಮರುವರ್ಷ ಎಡಗಾಲನ್ನೂ ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು. 1990ರಿಂದ ಅವನು ಕಬ್ಸ್ ಪಂದ್ಯಗಳ ರೇಡಿಯೋ ವೀಕ್ಷಕ ವಿವರಣೆ ನೀಡುತ್ತಿದ್ದನು. ಕೃತಕ ಕಾಲುಗಳನ್ನು ತೊಟ್ಟು ಅದೇ ಕೆಲಸಕ್ಕೆ ಮರಳಿದನು. ಎಳೆಯರ ಮಧುಮೇಹದ ಸಂಶೋಧನೆಗೆ ವರ್ಷವರ್ಷವೂ ನಡಿಗೆ ಏರ್ಪಡಿಸಿ ಹಣ ಕೂಡಿಸಿದನು.

ಇಂದು ಚರ್ಮಕ್ಕೆ ಅಂಟಿಸಿದ ಪುಟ್ಟ ಸಾಧನವೊಂದು ಕೆಲವೇ ನಿಮಿಷಗಳಿಗೊಮ್ಮೆ ಸಕ್ಕರೆಯ ಮಟ್ಟವನ್ನು ತಿಳಿಸುತ್ತದೆ, ಕುಸಿಯತೊಡಗಿದರೆ ಕೂಗಿ ಎಚ್ಚರಿಸುತ್ತದೆ. 2003ರಲ್ಲಿ ಕಬ್ಸ್ ತಂಡ ಸ್ಯಾಂಟೋ ತೊಡುತ್ತಿದ್ದ 10ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದೆ ಅವನ ಹೆಸರಿಗೇ ಮೀಸಲಿಟ್ಟಿತು. ಅವನು ಬಹುಕಾಲ ಹಂಬಲಿಸಿದ ಬೇಸ್‌ಬಾಲ್ ಕೀರ್ತಿಮಂದಿರದ ಆಯ್ಕೆ ಬಂದುದು 2011ರ ಡಿಸೆಂಬರಿನಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ, 2010ರ ಡಿಸೆಂಬರ್ 2ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಿದ್ದನು. ಗ್ರಂಥಾಲಯದ ಆ ಪುಸ್ತಕ ಕೊಟ್ಟಿದ್ದ ಗಡುವನ್ನು ದಾಟಿ ಇಪ್ಪತ್ತೇಳು ವರ್ಷಗಳಾಗಿದ್ದವು.