ಅಲ್ಪ ಕಿರಣ, ಪೂರ್ಣ ಚಿತ್ರ

ಕಬ್ಬು ಕಡಿಯುವ ಹಂಗಾಮು ಮೊದಲಾಯಿತೆಂದರೆ ಮುಧೋಳ, ಜಮಖಂಡಿ, ಬೀಳಗಿಯ ದಾರಿಗಳಲ್ಲಿ ಎರಡೆರಡು ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರುಗಳು ಹಗಲಿರುಳೂ ಕಾರ್ಖಾನೆಗಳತ್ತ ಸಾಗುತ್ತಿರುತ್ತವೆ. ಆ ದಿನಗಳಲ್ಲಿ ಕೈಯನ್ನೋ ಕಾಲನ್ನೋ ಮುರಿದುಕೊಂಡು ತಾಲೂಕು ಆಸ್ಪತ್ರೆಗೆ ಬಂದವನ ವಿಷಯದಲ್ಲಿ ವೈದ್ಯರು ಏನನ್ನಾದರೂ ನಿರ್ಧರಿಸುವ ಮುನ್ನ, ಅವನನ್ನು ಮೇಜಿನ ಮೇಲೆ ನೋವಾಗದಂತೆ ಮಲಗಿಸಿ, ಪೆಟ್ಟಾದ ಎಲುಬನ್ನು ಎದುರಿನಿಂದೊಮ್ಮೆ, ಮಗ್ಗುಲಿನಿಂದೊಮ್ಮೆ ಚಿತ್ರಕ್ಕೆ ತರತಕ್ಕ ವ್ಯಕ್ತಿಯೊಬ್ಬನಿರುತ್ತಾನೆ. ಊರವರು ಅವನನ್ನು ಎಕ್ಸ್‌ರೇ ತೆಗೆಯುವವನೆಂದಷ್ಟೇ ಬಲ್ಲರು. ಗುಂಡಿ ಒತ್ತಿದರೆ ಮಿಕ್ಕುದನ್ನೆಲ್ಲ ಯಂತ್ರವೇ ಮಾಡುವುದೆಂಬ ಭಾವನೆ ಸುಶಿಕ್ಷಿತರಲ್ಲಿಯೂ ಉಂಟು. ಇದು ಆ ವಿದ್ಯೆಗೆ ಬಗೆಯುವ ಅನ್ಯಾಯವೆಂದೇ ನನ್ನ ನಂಬುಗೆ. ಏಕೆಂದರೆ ರೋಗಿಯ ದೇಹಕ್ಕೆ ಸಾಧ್ಯವಾದಷ್ಟು ಕಡಿಮೆ ಕಿರಣವನ್ನು ತಾಗಿಸಿ, ವೈದ್ಯರಿಗೆ ಬೇಕಾದುದನ್ನೆಲ್ಲ ಕಾಣಿಸಿಕೊಡುವ ಕೌಶಲ ವರ್ಷಗಳ ಅಭ್ಯಾಸದಿಂದ ಮಾತ್ರ ಕೈವಶವಾಗುತ್ತದೆ.

ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ನಗರದಲ್ಲಿ 1895ರ ನವೆಂಬರ್ 8ರಂದು ವಿಲ್ಹೆಲ್ಮ್ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣಗಳು ಇಂದಿಗೂ ಮೂಲತಃ ಅದೇ ಬಗೆಯಲ್ಲಿ ಹುಟ್ಟುತ್ತವೆ. ನಿರ್ವಾತ ನಳಿಗೆಯಲ್ಲಿ ಹತ್ತಾರು ಸಾವಿರ ವೋಲ್ಟುಗಳ ಒತ್ತಡದಿಂದ ಧಾವಿಸುವ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಲೋಹಕ್ಕೆ ಬಡಿದಾಗ, ಅವುಗಳ ಶಕ್ತಿಯಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ ಭಾಗ ಕ್ಷಕಿರಣವಾಗಿ, ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ. ಕಿಲೋವೋಲ್ಟ್ ಹೆಚ್ಚಿದಂತೆ ಕಿರಣದ ಭೇದನಶಕ್ತಿ ಹೆಚ್ಚುತ್ತದೆ. ನಳಿಗೆಯ ವಿದ್ಯುತ್ಪ್ರವಾಹ ಮತ್ತು ಕಾಲ ಇವೆರಡೂ ಕೂಡಿ ಕಿರಣದ ಪ್ರಮಾಣವನ್ನು ನಿಶ್ಚಯಿಸುತ್ತವೆ. ಭೇದನಶಕ್ತಿ ತೀರ ಕಡಿಮೆಯಾದರೆ ಮೃದು ಕಿರಣಗಳು ಚರ್ಮದಲ್ಲಿಯೇ ಹೀರಲ್ಪಟ್ಟು, ಚಿತ್ರಕ್ಕೆ ಉಪಯೋಗವಾಗದೆ ದೇಹಕ್ಕೆ ಹಾನಿಯನ್ನಷ್ಟೇ ಉಂಟುಮಾಡುತ್ತವೆ. ಅತಿಯಾದರೆ ಎಲುಬಿಗೂ ಮಾಂಸಕ್ಕೂ ಇರುವ ಛಾಯಾಭೇದ ಅಳಿಸುತ್ತದೆ. ಬಡಕಲು ಮೈಯ ಮುದುಕನಿಗೆ ಎಷ್ಟು, ಸ್ಥೂಲಕಾಯನಿಗೆ ಎಷ್ಟು, ಎರಡು ವರ್ಷದ ಕೂಸಿಗೆ ಎಷ್ಟು ಎಂಬುದನ್ನು ನೋಡಿದೊಡನೆ ಅಳೆಯುವ ಕಣ್ಣು ವಿದ್ಯಾರ್ಥಿಗೆ ಬರಬೇಕು.

ಎದೆಯ ಚಿತ್ರವೊಂದನ್ನೇ ತೆಗೆದುಕೊಳ್ಳೋಣ. ರಬಕವಿ-ಬನಹಟ್ಟಿಯ ಮಗ್ಗದ ಮನೆಯಿಂದ, ಬಹುದಿನದಿಂದ ಕೆಮ್ಮುತ್ತಿರುವ ಹಿರಿಯರೊಬ್ಬರು ಬಂದಿದ್ದಾರೆನ್ನಿ. “ಅಜ್ಜಾರ, ಎದಿ ಇದಕ್ಕ ಒತ್ತಿ ನಿಲ್ರಿ, ಗದ್ದ ಮ್ಯಾಲ ಮಾಡ್ರಿ, ಕೈ ಸೊಂಟಕ್ಕ ಇಟ್ಟು ಭುಜ ಮುಂದ ತರ್ರಿ; ಈಗ ಉಸರ ಜೋರ ಎಳಕೊಂಡು ಹಿಡೀರಿ.” ಈ ಮಾತುಗಳಲ್ಲಿ ಒಂದೂ ವ್ಯರ್ಥವಲ್ಲ. ಹೃದಯವು ಎದೆಯ ಮುಂಭಾಗಕ್ಕೆ ಸಮೀಪವಾಗಿರುವುದರಿಂದ ಎದೆಯನ್ನು ಫಲಕಕ್ಕೆ ಒತ್ತಿ ನಿಲ್ಲಿಸಿ, ಸುಮಾರು 6 ಅಡಿ ದೂರದಿಂದ, ಬೆನ್ನ ಕಡೆಯಿಂದ ಕಿರಣವನ್ನು ಹಾಯಿಸಬೇಕು. ದೀಪಕ್ಕೂ ಗೋಡೆಗೂ ನಡುವೆ ಹಿಡಿದ ಕೈ ಗೋಡೆಯಿಂದ ದೂರ ಸರಿದಷ್ಟೂ ಅದರ ನೆರಳು ಹಿಗ್ಗುವಂತೆ, ವಿರುದ್ಧವಾಗಿ ನಿಲ್ಲಿಸಿದರೆ ಆರೋಗ್ಯವಂತನ ಹೃದಯವೂ ದೊಡ್ಡದಾಗಿ ಕಂಡು ಇಲ್ಲದ ರೋಗದ ಶಂಕೆ ಮೂಡೀತು. ಭುಜಗಳು ಮುಂದೆ ಬಂದರೆ ಹೆಗಲೆಲುಬುಗಳು ಶ್ವಾಸಕೋಶದ ಮೇಲಿನಿಂದ ಸರಿಯುತ್ತವೆ. ಉಸಿರು ತುಂಬಿಕೊಂಡರೆ ವಪೆಯು ಕೆಳಗಿಳಿದು, ಕ್ಷಯದ ಕಲೆ ಅಡಗಬಹುದಾದ ಮೂಲೆಗಳು ತೆರೆಯುತ್ತವೆ. ಬಲಗಡೆಯನ್ನು ತೋರುವ ಸೀಸದ ಗುರುತನ್ನು ಇಡಲು ಮರೆತರೆ, ಈಗ ಅನೇಕ ಕಡೆ ರೂಢಿಯಾಗಿರುವಂತೆ ದೂರದ ನಗರದಲ್ಲಿ ಕುಳಿತು ಚಿತ್ರವನ್ನಷ್ಟೇ ನೋಡುವ ತಜ್ಞರಿಗೆ ಎಡಬಲಗಳನ್ನು ಹೇಳುವವರಾರು? ಚಿತ್ರ ಕೆಟ್ಟು ಮತ್ತೊಮ್ಮೆ ತೆಗೆಯಬೇಕಾಯಿತೆಂದರೆ ಅಜ್ಜನ ಮೈಗೆ ತಾಗಿದ ಕಿರಣ ಇಮ್ಮಡಿಯಾಯಿತೆಂದೇ ಅರ್ಥ.

ಈ ಜಾಗರೂಕತೆಯ ಹಿಂದೆ ದುಃಖದ ಇತಿಹಾಸವಿದೆ. ಆರಂಭದ ದಿನಗಳಲ್ಲಿ ಯಂತ್ರ ಸರಿಯಿದೆಯೇ ಎಂದು ತಮ್ಮ ಕೈಯನ್ನೇ ಅಡ್ಡ ಹಿಡಿದು ಪರೀಕ್ಷಿಸಿದವರು ಮೊದಲು ಬೆರಳುಗಳನ್ನೂ, ಆಮೇಲೆ ಪ್ರಾಣವನ್ನೂ ಕಳೆದುಕೊಂಡರು. ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ತೀರಿಕೊಂಡನು. ಇಂಥವರ ಸ್ಮರಣೆಗಾಗಿ 1936ರಲ್ಲಿ ಹ್ಯಾಂಬುರ್ಗಿನ ಆಸ್ಪತ್ರೆಯ ಆವರಣದಲ್ಲಿ ಸ್ಥಾಪಿತವಾದ ಶಿಲಾಸ್ತಂಭದಲ್ಲಿ ಪ್ರಾರಂಭದಲ್ಲಿಯೇ 169 ಹೆಸರುಗಳಿದ್ದವು. ಇಂದಿನ ತಂತ್ರಜ್ಞನು ಸೀಸದ ಏಪ್ರನ್ನಿನ ಒಳಗೆ, ಎದೆಯ ಮೇಲೆ ಟಿ.ಎಲ್.ಡಿ. ಬ್ಯಾಡ್ಜ್ ಎಂಬ ಪುಟ್ಟ ಪಟ್ಟಿಯನ್ನು ಧರಿಸುತ್ತಾನೆ. ಅದರೊಳಗಿನ ಮೂರು ಬಿಲ್ಲೆಗಳಲ್ಲಿ ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟ್ ಇದ್ದು, ಅದು ಹೀರಿದ ವಿಕಿರಣಶಕ್ತಿಯನ್ನು ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಹೊರಸೂಸುತ್ತದೆ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಆ ಬೆಳಕನ್ನಳೆದು ಅವನಿಗೆ ತಾಗಿದ ಮಾತ್ರೆಯನ್ನು ಲೆಕ್ಕಕ್ಕಿಡುತ್ತಾರೆ.

ಶಿಕ್ಷಣದ ಮಾತಿಗೆ ಬಂದರೆ, ನಮ್ಮ ರಾಜ್ಯದಲ್ಲಿ ನಡೆದುಬಂದ ದಾರಿಗಳು ಎರಡು. ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ವಿಜ್ಞಾನದ ತರುವಾಯ ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ ಒಂದು. ಭೌತ, ರಸಾಯನ, ಜೀವಶಾಸ್ತ್ರಗಳೊಡನೆ ಪಿ.ಯು.ಸಿ. ಮುಗಿಸಿದವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿ ಮತ್ತೊಂದು. 2021ರ ಸಹವೈದ್ಯಕೀಯ ವೃತ್ತಿಗಳ ಕೇಂದ್ರ ಕಾಯಿದೆಯು ಡಿಪ್ಲೊಮಾದಂಥ ಶಿಕ್ಷಣಕ್ಕೆ ಕನಿಷ್ಠ 2,000 ಗಂಟೆ, ಆರೋಗ್ಯ ವೃತ್ತಿಪರನೆನಿಸುವ ಪದವಿಗೆ ಕನಿಷ್ಠ 3,600 ಗಂಟೆಗಳ ಅಧ್ಯಯನವನ್ನು ವಿಧಿಸಿದೆ. ಈ ಗಂಟೆಗಳಲ್ಲಿ ಬಹುಪಾಲು ರೋಗಿಗಳ ನಡುವೆ ಕಳೆದುದಾಗಿರಬೇಕೆಂಬುದು ನನ್ನ ಆಗ್ರಹ. ಆದುದರಿಂದ ಬಾಗಲಕೋಟೆ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳಂಥ ದೊಡ್ಡ ಆಸ್ಪತ್ರೆಗಳಿರುವ ಊರುಗಳಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಶುಲ್ಕವನ್ನು ವಿಚಾರಿಸುವುದಕ್ಕೂ ಮೊದಲು, ಆ ಶಾಲೆಗೆ ಮಾನ್ಯತೆಯಿದೆಯೇ, ವಿದ್ಯಾರ್ಥಿಗಳು ಯಾವ ಆಸ್ಪತ್ರೆಯಲ್ಲಿ ಅಭ್ಯಾಸ ಮಾಡುತ್ತಾರೆ, ಅಲ್ಲಿ ಸಿ.ಟಿ. ಮತ್ತು ಎಂ.ಆರ್.ಐ. ಯಂತ್ರಗಳಿವೆಯೇ ಎಂಬುದನ್ನು ಕೇಳಿ ತಿಳಿಯತಕ್ಕದ್ದು. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ತಂತ್ರಜ್ಞನ ವ್ಯಾಸಂಗ ಬೇರೆಯೇ ಆದ ಶಾಖೆ.

“ಹೆಣ್ಣ ಹುಡುಗಿಗೆ ಈ ಕೆಲಸ ಆಗಿಬರತೈತೇನ್ರಿ?” ಎಂಬ ಪ್ರಶ್ನೆ ವಿಕಿರಣದ ಅಂಜಿಕೆಯಿಂದ ನಮ್ಮ ಕಡೆಯ ಮನೆಗಳಲ್ಲಿ ಸಹಜವಾಗಿಯೇ ಏಳುತ್ತದೆ; ಅದಕ್ಕೆ ಅಂಕಿಗಳೇ ಉತ್ತರ ಕೊಡಲಿ. ನೆಲದಿಂದಲೂ ಆಕಾಶದಿಂದಲೂ ಜಗತ್ತಿನ ಪ್ರತಿ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ನಿಸರ್ಗವಾಗಿಯೇ ತಾಗುತ್ತದೆ. ಎದೆಯ ಒಂದು ಎಕ್ಸ್‌ರೇ ಚಿತ್ರದಿಂದ ರೋಗಿಗೆ ತಾಗುವುದು ಸುಮಾರು 0.02. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವೃತ್ತಿನಿರತರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟುಗಳ ಮೇರೆಯನ್ನು ಹಾಕಿದೆ. ಹದಿನಾರರಿಂದ ಹದಿನೆಂಟು ವಯಸ್ಸಿನ ಅಭ್ಯಾಸಿಗಳಿಗೆ ವರ್ಷಕ್ಕೆ 6 ಮಾತ್ರ. ಗರ್ಭಿಣಿಯಾದ ತಂತ್ರಜ್ಞೆ ಆ ಸಂಗತಿಯನ್ನು ತಿಳಿಸಿದ ಮೇಲೆ ಗರ್ಭಸ್ಥ ಶಿಶುವಿಗೆ 1 ಮಿಲಿಸೀವರ್ಟನ್ನು ಮೀರದಂತೆ ಅವಳ ಕೆಲಸವನ್ನು ಏರ್ಪಡಿಸಬೇಕು. ನಿಯಮದಂತೆ ಗೋಡೆಯ ಮರೆಯಲ್ಲಿ ನಿಂತು ಎಕ್ಸ್‌ರೇ ಕೋಣೆಯಲ್ಲಿ ದುಡಿಯುವವರಿಗೆ ತಾಗುವ ವಿಕಿರಣ ಸಾಮಾನ್ಯವಾಗಿ ಈ ಮೇರೆಗಳಿಗಿಂತ ಬಹಳ ಕೆಳಗೇ ಉಳಿಯುತ್ತದೆ. ಬ್ಯಾಡ್ಜನ್ನು ಮೇಜಿನ ಖಾನೆಯಲ್ಲಿ ಬಿಟ್ಟು ಕೆಲಸಕ್ಕಿಳಿಯುವವರ ವಿಷಯದಲ್ಲಿ ಮಾತ್ರ ಹಾಗೆಂದು ಹೇಳಲು ಯಾವ ಆಧಾರವೂ ಇರುವುದಿಲ್ಲ.